ಸೊನ್ನೆ ಬರೆಯಲು ಎಡವಿದ ಚಿಪ್

ಕಂಪ್ಯೂಟರ್ ಪ್ರೊಸೆಸರ್‌ಗೆ ಹೇಳಬಹುದಾದ ಅತಿ ಸುಲಭದ ಕೆಲಸವೆಂದರೆ ಒಂದು ಖಾನೆಯಲ್ಲಿ ಏನಿದ್ದರೂ ಅಳಿಸಿ ಸೊನ್ನೆ ಮಾಡು ಎನ್ನುವುದು. ಇಂಟೆಲ್ ಮಾದರಿಯ ಚಿಪ್‌ಗಳಲ್ಲಿ ಇದಕ್ಕೆ ಪ್ರೋಗ್ರಾಮರುಗಳು ಬಳಸುವ ಸೂಚನೆ ‘ಎಕ್ಸಾರ್ ಇಎಎಕ್ಸ್, ಇಎಎಕ್ಸ್’. ಇಎಎಕ್ಸ್ ಎಂಬ ಖಾನೆಯ ಒಂದೊಂದು ಬಿಟ್ಟನ್ನೂ ಅದರ ಜೊತೆಗೇ ಹೋಲಿಸಿ ನೋಡು, ಎರಡೂ ಒಂದೇ ಆಗಿದ್ದರೆ 0 ಬರೆ ಎಂದು ಇದರ ಅರ್ಥ. ಯಾವ ಬಿಟ್ ತಾನೆ ತನಗಿಂತ ಬೇರೆಯಾಗಿದ್ದೀತು? ಉತ್ತರ ಯಾವಾಗಲೂ ಸೊನ್ನೆಯೇ. ಮೆಮೊರಿಯ ಕಡೆ ಕೈಚಾಚಬೇಕಿಲ್ಲ, ಭಾಗಾಕಾರದ ಗೊಡವೆಯಿಲ್ಲ. ಈ ಸೂಚನೆ ಎಡವಲು ದಾರಿಯೇ ಇಲ್ಲ.

ಆದರೂ ಎಡವಿತ್ತು. ಮೈಕ್ರೋಸಾಫ್ಟ್‌ನ ಎಂಜಿನಿಯರ್ ರೇಮಂಡ್ ಚೆನ್ 2005ರಲ್ಲಿ ಈ ಕಥೆ ಬರೆದರು. ವಿಂಡೋಸ್ ಕುಸಿದಾಗ ‘ವರದಿ ಕಳಿಸಲೇ?’ ಎಂದು ಕೇಳುವ ಪುಟ್ಟ ಕಿಟಕಿ ನೆನಪಿರಬಹುದು. ಹಾಗೆ ಬಂದ ವರದಿಗಳನ್ನು ಬಗೆದು ನೋಡುತ್ತಿದ್ದ ಅವರ ಸಹೋದ್ಯೋಗಿಯೊಬ್ಬರಿಗೆ, ಪ್ರೋಗ್ರಾಮ್ ಸತ್ತದ್ದು ಸರಿಯಾಗಿ ಇದೇ ಸೂಚನೆಯ ಮೇಲೆ ಎಂದು ಕಂಡಿತು. ಇಂಥ ಅಸಾಧ್ಯ ಸಾವುಗಳು ಇನ್ನೂ ಹಲವು ಸಿಕ್ಕವು. ವರದಿ ಕಳಿಸಿದವರಲ್ಲಿ ಕೆಲವರನ್ನು ಸಂಪರ್ಕಿಸಿ ವಿಚಾರಿಸಿದಾಗ, ಹೌದು, ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಿದ್ದೇವೆ ಎಂದರು ಕೆಲವರು. ಉಳಿದವರು ಹಾಗೆಂದರೇನು ಎಂದು ಕೇಳಿದರು. ಅವರ ಕಂಪ್ಯೂಟರುಗಳ ವಿವರ ತೆಗೆದು ನೋಡಿದರೆ ಅವೂ ಓವರ್‌ಕ್ಲಾಕ್ ಆದವೇ! ಸಣ್ಣ ಅಂಗಡಿಗಳಲ್ಲಿ ಕಡಿಮೆ ಬೆಲೆಯ ಚಿಪ್ ಹಾಕಿ, ವೇಗ ಏರಿಸಿ, ದುಬಾರಿ ಯಂತ್ರವೆಂದು ಮಾರಿದ ಸರಕು ಅದು. ಗಿರಾಕಿಗೆ ಸಿಕ್ಕಿದ್ದು ಆಗಾಗ ಕುಸಿಯುವ ಕಂಪ್ಯೂಟರ್, ಬೈಗುಳ ತಿಂದದ್ದು ವಿಂಡೋಸ್.

ಓವರ್‌ಕ್ಲಾಕಿಂಗ್ ಎಂದರೆ ಕಂಪನಿ ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಚಿಪ್ಪನ್ನು ಓಡಿಸುವುದು. ಇದರಿಂದ ಚಿಪ್ ಸುಟ್ಟುಹೋಗುತ್ತದೆ ಎಂಬ ಭಯವೇ ಜನರಲ್ಲಿ ದೊಡ್ಡದು. ನನ್ನ ಮಟ್ಟಿಗೆ ಅದು ಅಪಾಯಗಳಲ್ಲೇ ಚಿಕ್ಕದು. ಇಂದಿನ ಚಿಪ್‌ಗಳು ಸುಮಾರು 100 ಡಿಗ್ರಿ ತಲುಪುತ್ತಿದ್ದಂತೆ ತಾವೇ ವೇಗ ಇಳಿಸುತ್ತವೆ, ಇನ್ನೂ ಏರಿದರೆ ಕಂಪ್ಯೂಟರನ್ನೇ ಆರಿಸುತ್ತವೆ. ಸುಟ್ಟ ಚಿಪ್ ಕಣ್ಣಿಗೆ ಕಾಣುತ್ತದೆ, ಹೊಸದು ತಂದು ಹಾಕಬಹುದು. ಕುಸಿದ ಕಂಪ್ಯೂಟರ್ ಕೂಡ ತನ್ನ ಕಾಯಿಲೆಯನ್ನು ತಾನೇ ಹೇಳಿಕೊಳ್ಳುತ್ತದೆ. ಎಲ್ಲ ಸರಿಯಿದ್ದಂತೆ ನಟಿಸುತ್ತ ಎಲ್ಲೋ ಒಂದು ಬಿಟ್ ತಪ್ಪು ಬರೆದು ಮುಂದೆ ಹೋಗುವ ಚಿಪ್ ಇದೆಯಲ್ಲ, ಹೆದರಬೇಕಾದ್ದು ಅದಕ್ಕೆ.

ಅದು ಹೇಗೆಂದು ತಿಳಿಯಲು ಚಿಪ್‌ನೊಳಗಿನ ಕ್ಲಾಕ್ ಮಾಡುವ ಕೆಲಸವನ್ನು ನೋಡಬೇಕು. 5 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 500 ಕೋಟಿ ಬಡಿತ. ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ ಸಿಗುವುದು ಒಂದು ನ್ಯಾನೋಸೆಕೆಂಡಿನ ಐದನೆಯ ಒಂದು ಭಾಗ. ಬೆಳಕು ಅಷ್ಟು ಹೊತ್ತಿನಲ್ಲಿ ಹೋಗುವುದು 6 ಸೆಂಟಿಮೀಟರ್ ದೂರ. ಅಷ್ಟರಲ್ಲಿ ಲೆಕ್ಕ ಮುಗಿದು, ಉತ್ತರ ಮುಂದಿನ ಖಾನೆಯ ಬಾಗಿಲಿಗೆ ಬಂದು ನಿಂತಿರಬೇಕು. ಬಡಿತ ಬಿದ್ದ ಕ್ಷಣದಲ್ಲಿ ಬಾಗಿಲಲ್ಲಿ ಏನಿದೆಯೋ ಅದನ್ನು ಖಾನೆ ಹಿಡಿದಿಟ್ಟುಕೊಳ್ಳುತ್ತದೆ. ಸರಿಯೋ ತಪ್ಪೋ ಎಂದು ಕೇಳುವ ಪದ್ಧತಿ ಅದಕ್ಕಿಲ್ಲ. ಉತ್ತರ ತಡವಾದರೆ ಹಳೆಯ ಬೆಲೆಯೇ ಒಳಗೆ ಹೋಗುತ್ತದೆ. ಬದಲಾಗುತ್ತಿರುವಾಗಲೇ ಹಿಡಿದರೆ 0 ಅಲ್ಲದ, 1 ಕೂಡ ಅಲ್ಲದ ನಡುವಿನ ಸ್ಥಿತಿಯಲ್ಲಿ ಕೆಲಕಾಲ ತೂಗಾಡಿ ಆಮೇಲೆ ಯಾವುದೋ ಒಂದು ಕಡೆ ಬೀಳುತ್ತದೆ.

ಎಲ್ಲ ಲೆಕ್ಕಕ್ಕೂ ಒಂದೇ ಹೊತ್ತು ಹಿಡಿಯುವುದಿಲ್ಲ. ಪ್ರಾಥಮಿಕ ಶಾಲೆಯ ಕೂಡುವ ಲೆಕ್ಕವನ್ನೇ ತೆಗೆದುಕೊಳ್ಳಿ. 1234ಕ್ಕೆ 4321 ಕೂಡಿದರೆ ಪ್ರತಿ ಸ್ಥಾನವೂ ತನ್ನಷ್ಟಕ್ಕೆ ಮುಗಿಯುತ್ತದೆ. 9999ಕ್ಕೆ 1 ಕೂಡಿದರೆ ‘ಕೈಯಲ್ಲಿ ಒಂದು’ ಬಲಗಡೆಯಿಂದ ಹೊರಟು ಎಡತುದಿಯವರೆಗೆ ಸ್ಥಾನದಿಂದ ಸ್ಥಾನಕ್ಕೆ ಸಾಗಬೇಕು, ಅಲ್ಲಿಯವರೆಗೆ ಮೊದಲ ಅಂಕಿ ಏನೆಂದು ಹೇಳುವಂತಿಲ್ಲ. ಪ್ರೊಸೆಸರಿನ ಕೂಡುವ ಸರ್ಕಿಟ್ ಕೂಡ 64 ಸ್ಥಾನಗಳಲ್ಲಿ ಇದನ್ನೇ ಮಾಡುತ್ತದೆ. ‘ಕೈಯಲ್ಲಿ ಒಂದು’ ಬೇಗ ಸಾಗಲೆಂದು ವಿನ್ಯಾಸಕಾರರು ಒಳದಾರಿಗಳನ್ನು ಕಟ್ಟಿರುತ್ತಾರೆ, ಆದರೂ ಕೆಲವು ಸಂಖ್ಯೆಗಳಿಗೆ ಸುತ್ತುದಾರಿ ತಪ್ಪುವುದಿಲ್ಲ. ಚಿಪ್‌ನಲ್ಲಿ ಇಂಥ ದಾರಿಗಳು ಕೋಟಿಗಟ್ಟಲೆ. ಅವುಗಳಲ್ಲಿ ಅತಿ ಉದ್ದದ ದಾರಿಯೇ ಇಡೀ ಚಿಪ್‌ನ ವೇಗದ ಮಿತಿ.

ಓವರ್‌ಕ್ಲಾಕಿಂಗ್‌ನ ಕಿರಿಕಿರಿಯೆಲ್ಲ ಇಲ್ಲಿಂದಲೇ ಹುಟ್ಟುವುದು. ವೇಗ ಏರಿಸಿದಾಗ ಚಿಪ್ ಒಟ್ಟಾಗಿ ಕೆಡುವುದಿಲ್ಲ. ಮೊದಲು ಸೋಲುವುದು ಆ ಒಂದು ಉದ್ದದ ದಾರಿ, ಅದೂ ಆ ದಾರಿಯನ್ನು ಪೂರ್ತಿ ಬಳಸುವ ಸಂಖ್ಯೆಗಳು ಬಂದಾಗ, ಅದೂ ಆ ಕ್ಷಣದಲ್ಲಿ ಚಿಪ್ ಬಿಸಿಯಾಗಿ ವೋಲ್ಟೇಜ್ ಸ್ವಲ್ಪ ತಗ್ಗಿದ್ದರೆ. ಉಳಿದ ಹೊತ್ತಿನಲ್ಲಿ ಎಲ್ಲವೂ ಸುಸೂತ್ರ. ಸಿನಿಮಾ ಓಡುತ್ತದೆ, ಆಟ ಓಡುತ್ತದೆ, ವೇಗ ಅಳೆಯುವ ಪರೀಕ್ಷೆಯಲ್ಲಿ ಅಂಕವೂ ಹೆಚ್ಚು ಬರುತ್ತದೆ. ಮೂರನೆಯ ವಾರ ಯಾವುದೋ ಫೈಲ್ ತೆರೆಯುವುದಿಲ್ಲ.

ಹಾಗಾದರೆ ಕಂಪನಿ ಹೇಳಿದ ವೇಗ ಎಲ್ಲಿಂದ ಬಂತು? ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್‌ಗಳೂ ಒಂದರಂತೆ ಒಂದು ಇರುವುದಿಲ್ಲ. ಕಾರ್ಖಾನೆಯಲ್ಲಿ ಪ್ರತಿಯೊಂದನ್ನೂ ಪರೀಕ್ಷಿಸಿ, ಇದು ಇಷ್ಟು ವೇಗಕ್ಕೆ, ಅದು ಅಷ್ಟಕ್ಕೆ ಎಂದು ವಿಂಗಡಿಸುತ್ತಾರೆ. ಹಾಗೆ ವಿಂಗಡಿಸುವಾಗ ಅಂಚಿಗೆ ತಂದು ನಿಲ್ಲಿಸದೆ ಒಂದಿಷ್ಟು ಅಂತರ ಬಿಡುತ್ತಾರೆ: ಬಿಸಿ ಕೋಣೆಗೆ, ಸಾಧಾರಣ ಪವರ್ ಸಪ್ಲೈಗೆ, ಧೂಳು ತುಂಬಿದ ಫ್ಯಾನಿಗೆ, ವರ್ಷಗಳು ಕಳೆದಂತೆ ಬರುವ ಸವಕಳಿಗೆ. ಓವರ್‌ಕ್ಲಾಕ್ ಮಾಡುವವರು ಇದನ್ನು ಕಂಪನಿ ಬಚ್ಚಿಟ್ಟ ಉಚಿತ ವೇಗ ಎಂದುಕೊಳ್ಳುತ್ತಾರೆ. ಅವರ ಎಣಿಕೆ ಕೆಲವೊಮ್ಮೆ ನಿಜವೂ ಆಗಿದ್ದದ್ದುಂಟು.

1998ರ ಆಗಸ್ಟಿನಲ್ಲಿ ಬಂದ ಇಂಟೆಲ್‌ನ ಸೆಲೆರಾನ್ 300ಎ ಅಂಥದ್ದು. ಮದರ್‌ಬೋರ್ಡಿನ 66 ಮೆಗಾಹರ್ಟ್ಸ್ ಬಡಿತವನ್ನು ನಾಲ್ಕೂವರೆಯಿಂದ ಗುಣಿಸಿ 300 ಮೆಗಾಹರ್ಟ್ಸ್‌ನಲ್ಲಿ ಓಡುವ ಅಗ್ಗದ ಚಿಪ್. ಗುಣಕವನ್ನು ಇಂಟೆಲ್ ಬೀಗ ಹಾಕಿತ್ತು, ಆದರೆ ಬೋರ್ಡಿನ ಬಡಿತ ಬೋರ್ಡ್ ಮಾಡುವವರ ಕೈಯಲ್ಲಿತ್ತು. ಅದನ್ನು 100ಕ್ಕೆ ಏರಿಸಿದರೆ ಚಿಪ್ 450ಕ್ಕೆ ಜಿಗಿಯುತ್ತಿತ್ತು. ಆಗ ಹಲವು ಪಟ್ಟು ಬೆಲೆಯಿದ್ದ ಪೆಂಟಿಯಂ 2ರ ವೇಗವೂ ಅದೇ 450. ಬಹುಪಾಲು ಚಿಪ್‌ಗಳು ಆ ಜಿಗಿತವನ್ನು ತಡೆದುಕೊಂಡವು. ಇಂಟೆಲ್‌ನ ತಯಾರಿಕೆ ಆ ಹೊತ್ತಿಗೆ ಅಷ್ಟು ಹದಕ್ಕೆ ಬಂದಿತ್ತು, ಅಗ್ಗದ ಸರಕು ಬೇಕೆಂಬ ಕಾರಣಕ್ಕೆ ಒಳ್ಳೆಯ ಚಿಪ್‌ಗೂ ಕಡಿಮೆ ವೇಗದ ಮುದ್ರೆ ಒತ್ತುತ್ತಿದ್ದರು. ಒಂದು ತಲೆಮಾರಿನ ಹುಡುಗರಿಗೆ ಓವರ್‌ಕ್ಲಾಕಿಂಗ್ ಹುಚ್ಚು ಹಿಡಿಸಿದ್ದು ಈ ಚಿಪ್. (ಎರಡು ವರ್ಷಗಳ ನಂತರ ಇಂಟೆಲ್‌ನ ಎದುರಾಳಿ ಎಎಂಡಿಯ ಚಿಪ್‌ನ ಮೈಮೇಲಿನ ಕತ್ತರಿಸಿದ ಸಂಪರ್ಕಗಳ ನಡುವೆ ಸೀಸದಕಡ್ಡಿಯಿಂದ ಗೆರೆ ಎಳೆದು ಗುಣಕದ ಬೀಗ ತೆಗೆಯುವ ಉಪಾಯವೂ ಬಂತು. ಪೆನ್ಸಿಲ್ಲಿನ ಗ್ರಾಫೈಟ್‌ನಲ್ಲಿ ವಿದ್ಯುತ್ ಹರಿಯುತ್ತದಲ್ಲ!)

ಆ ಕಾಲದಲ್ಲೂ ಗುಂಡಿ ಇದ್ದದ್ದು ಜನ ನೋಡದ ಜಾಗದಲ್ಲಿ. ಬೋರ್ಡಿನ ಬಡಿತದಿಂದಲೇ ಪಿಸಿಐ ಎಂಬ ಇನ್ನೊಂದು ಸಾಲಿನ ಬಡಿತವೂ ಹುಟ್ಟುತ್ತಿತ್ತು. ಅದು ಇರಬೇಕಾದ್ದು 33 ಮೆಗಾಹರ್ಟ್ಸ್. ಬೋರ್ಡು 100ರಲ್ಲಿದ್ದಾಗ ಮೂರರಿಂದ ಭಾಗಿಸಿ 33 ಸಿಗುತ್ತಿತ್ತು. 100 ತಾಳದ ಚಿಪ್‌ಗೆ ನಡುವಿನ 83 ಕೊಟ್ಟರೆ ಎರಡರಿಂದ ಭಾಗಿಸಿ 41.5 ಆಗುತ್ತಿತ್ತು. ಹಾರ್ಡ್‌ಡಿಸ್ಕ್ ಜೊತೆ ಮಾತಾಡುವ ಭಾಗ ಇದೇ ಸಾಲಿನ ಮೇಲೆ ಕೂತಿತ್ತು. ಪ್ರೊಸೆಸರ್ ಗಟ್ಟಿಯಾಗಿಯೇ ಇರುತ್ತಿತ್ತು, ಡಿಸ್ಕಿನ ಮೇಲೆ ಬರೆದ ಅಕ್ಷರ ಮಾತ್ರ ಅಲ್ಲಲ್ಲಿ ಬೇರೆಯಾಗಿರುತ್ತಿತ್ತು. ಕೆಲವು ದಿನಗಳ ಮೇಲೆ ವಿಂಡೋಸ್ ಏಳುವುದಿಲ್ಲ, ಮತ್ತೆ ಇನ್‌ಸ್ಟಾಲ್ ಮಾಡುವುದು, ಮತ್ತೆ ಅದೇ ಕಥೆ.

ವೇಗ ಏರಿಸಿ ಚಿಪ್ ತಡವರಿಸಿದಾಗ ಎಲ್ಲರೂ ಹಿಡಿಯುವ ಮುಂದಿನ ದಾರಿ ವೋಲ್ಟೇಜ್ ಏರಿಸುವುದು. ಹೆಚ್ಚು ವೋಲ್ಟೇಜಿನಲ್ಲಿ ಟ್ರಾನ್ಸಿಸ್ಟರ್ ಬೇಗ ತೆರೆದು ಮುಚ್ಚುತ್ತದೆ, ಉದ್ದದ ದಾರಿಯೂ ಬೇಗ ಸಾಗುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಶಾಖದ ರೂಪದಲ್ಲಿ ಬರುತ್ತದೆ. ಚಿಪ್ ಕೆಲಸ ಮಾಡುವಾಗ ಹುಟ್ಟುವ ಶಾಖ ವೇಗಕ್ಕೆ ಅನುಗುಣವಾಗಿ ಏರಿದರೆ, ವೋಲ್ಟೇಜಿಗೆ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗ ಶೇ. 20, ವೋಲ್ಟೇಜ್ ಶೇ. 15 ಹೆಚ್ಚಿಸಿದಿರಿ ಎನ್ನಿ. 1.2ನ್ನು 1.15ರಿಂದ ಎರಡು ಸಲ ಗುಣಿಸಿ, 1.59 ಬರುತ್ತದೆ. ಶೇ. 20ರ ವೇಗಕ್ಕೆ ಶೇ. 59ರ ಶಾಖ. ಸುಮ್ಮನಿದ್ದಾಗಲೂ ಟ್ರಾನ್ಸಿಸ್ಟರುಗಳಿಂದ ಸೋರುವ ವಿದ್ಯುತ್ತು ಇದರಲ್ಲಿ ಸೇರಿಲ್ಲ. ಬಿಸಿ ಏರಿದಷ್ಟೂ ಆ ಸೋರಿಕೆಯೂ ಏರುತ್ತದೆ.

ಇನ್ನು ಕರೆಂಟಿನ ವಿಷಯ. 1.2 ವೋಲ್ಟಿನಲ್ಲಿ 240 ವ್ಯಾಟ್ ನುಂಗುವ ಪ್ರೊಸೆಸರಿಗೆ 200 ಆಂಪಿಯರ್ ಹರಿಯಬೇಕು. ಬಚ್ಚಲುಮನೆಯ 2000 ವ್ಯಾಟ್ ಗೀಸರ್ ಎಳೆಯುವುದು ಒಂಬತ್ತು ಆಂಪಿಯರ್ ಆಸುಪಾಸು! ಇಷ್ಟೊಂದು ಕರೆಂಟ್ ಹರಿಯುವ ದಾರಿಯಲ್ಲಿ ಒಂದೇ ಒಂದು ಮಿಲಿ ಓಮ್ ತಡೆ ಇದ್ದರೂ 0.2 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಬಯಾಸ್ ಪರದೆಯಲ್ಲಿ 1.2 ಎಂದು ಬರೆದಿದ್ದರೂ ಟ್ರಾನ್ಸಿಸ್ಟರಿಗೆ ಮುಟ್ಟುವುದು 1.0. ಚಿಪ್ ವಿರಾಮದಿಂದ ಎದ್ದು ಒಮ್ಮೆಲೇ ಭಾರದ ಲೆಕ್ಕಕ್ಕೆ ಇಳಿದಾಗ, ಮದರ್‌ಬೋರ್ಡಿನ ವೋಲ್ಟೇಜ್ ನಿಯಂತ್ರಕ ಎಚ್ಚೆತ್ತುಕೊಳ್ಳುವ ಮೊದಲೇ ವೋಲ್ಟೇಜ್ ಒಂದು ಕ್ಷಣ ಇನ್ನೂ ಕೆಳಗೆ ಮುಳುಗಿ ಏಳುತ್ತದೆ. ಆ ಕ್ಷಣದಲ್ಲೇ ಉದ್ದದ ದಾರಿಯ ಲೆಕ್ಕ ನಡೆಯುತ್ತಿದ್ದರೆ ಮುಗಿಯಿತು. ಗಂಟೆಗಟ್ಟಲೆ ಭಾರದ ಪರೀಕ್ಷೆಯಲ್ಲಿ ಪಾಸಾದ ಕಂಪ್ಯೂಟರ್, ಪರೀಕ್ಷೆ ನಿಲ್ಲಿಸಿ ಬ್ರೌಸರ್ ತೆರೆದ ಮರುಗಳಿಗೆ ನೀಲಿ ಪರದೆ ತೋರಿಸುವುದಕ್ಕೆ ಇಂಥ ಏರಿಳಿತ ಒಂದು ಕಾರಣ.

ಪರೀಕ್ಷೆ ಎಂದೆನಲ್ಲ, ಅದರಲ್ಲಿ ಹೆಸರಾದದ್ದು ಪ್ರೈಮ್95. ಇದು ಹುಟ್ಟಿದ್ದು ಪರೀಕ್ಷೆಗಾಗಿ ಅಲ್ಲ. ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಶುರುಮಾಡಿದ, ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಯೋಜನೆಯ ಪ್ರೋಗ್ರಾಮ್ ಅದು. ಲಕ್ಷಗಟ್ಟಲೆ, ಈಗ ಕೋಟಿಗಟ್ಟಲೆ ಅಂಕಿಗಳ ಸಂಖ್ಯೆಗಳನ್ನು ಅವುಗಳಿಂದಲೇ ಗುಣಿಸುತ್ತ, ವಾರಗಟ್ಟಲೆ ನಡೆಯುವ ಲೆಕ್ಕ. ನಡುವೆ ಒಂದು ಬಿಟ್ ತಪ್ಪಿದರೂ ಕೊನೆಯ ಉತ್ತರ ಕಸ. ಹಾಗಾಗಿ ವೋಲ್ಟ್‌ಮನ್ ಒಂದು ಜಾಣ ತಪಾಸಣೆ ಇಟ್ಟರು. ಇಷ್ಟು ದೊಡ್ಡ ಗುಣಾಕಾರವನ್ನು ಬೇಗ ಮುಗಿಸಲು ದಶಮಾಂಶ ಸಂಖ್ಯೆಗಳ ಮೂಲಕ ಸುತ್ತಿ ಬರುತ್ತಾರೆ. ಕೊನೆಗೆ ಸಿಗಬೇಕಾದ್ದು ಪೂರ್ಣಾಂಕ, ಆದರೆ ಕೈಗೆ ಬರುವುದು 7.02 ಅಥವಾ 6.97ರಂಥ ಸಂಖ್ಯೆ. ಅದನ್ನು 7 ಎಂದು ಬರೆದುಕೊಳ್ಳಬಹುದು. 7.5 ಬಂದರೆ? ಏಳೋ ಎಂಟೋ ಹೇಳುವಂತಿಲ್ಲ, ಹಿಂದೆಲ್ಲೋ ಲೆಕ್ಕ ಕೆಟ್ಟಿದೆ ಎಂದೇ ಅರ್ಥ. ವ್ಯತ್ಯಾಸ 0.4 ದಾಟಿದರೆ ಪ್ರೋಗ್ರಾಮ್ ನಿಂತು, ನಿಮ್ಮ ಯಂತ್ರಾಂಶ ತಪ್ಪು ಮಾಡಿದೆ ಎನ್ನುತ್ತದೆ. ವಿಂಡೋಸ್ ಕುಸಿದಿಲ್ಲ, ಮೌಸ್ ಓಡಾಡುತ್ತಿದೆ, ಹಿನ್ನೆಲೆಯಲ್ಲಿ ಹಾಡು ನಡೆಯುತ್ತಿದೆ, ಆದರೆ ಗುಣಾಕಾರ ತಪ್ಪಿದೆ. ಬೇರೆ ಪ್ರೋಗ್ರಾಮ್ ಆಗಿದ್ದರೆ ಆ ತಪ್ಪನ್ನು ನುಂಗಿಕೊಂಡು ಮುಂದೆ ಹೋಗಿರುತ್ತಿತ್ತು.

ಓವರ್‌ಕ್ಲಾಕ್ ಮಾಡುವವರು ‘ರಾತ್ರಿಯಿಡೀ ಪ್ರೈಮ್ ಓಡಿಸಿದೆ, ಸ್ಟೇಬಲ್ ಆಗಿದೆ’ ಎನ್ನುತ್ತಾರೆ. ಆ ರಾತ್ರಿ, ಆ ಕೋಣೆಯಲ್ಲಿ, ಆ ಲೆಕ್ಕದಲ್ಲಿ ತಪ್ಪು ಕಾಣಲಿಲ್ಲ ಎನ್ನುವುದಷ್ಟೇ ಅದರಿಂದ ತಿಳಿಯುವುದು. ಪ್ರೈಮ್95 ಹೆಚ್ಚಾಗಿ ದುಡಿಸುವುದು ದಶಮಾಂಶ ಗುಣಾಕಾರದ ಭಾಗವನ್ನು. ಕಂಪ್ರೆಸ್ ಆದ ಫೈಲನ್ನು ಬಿಚ್ಚುವಾಗ ಬಳಕೆಯಾಗುವ ದಾರಿಗಳು ಬೇರೆ, ಪ್ರೋಗ್ರಾಮನ್ನು ಕಂಪೈಲ್ ಮಾಡುವಾಗಿನವು ಬೇರೆ. ಕೋಣೆಯ ಮಾತೂ ಚಿಕ್ಕದಲ್ಲ. ಒಂದೇ ಫ್ಯಾನ್, ಒಂದೇ ಹೀಟ್‌ಸಿಂಕ್ ಇದ್ದಾಗ ಕೋಣೆ ಎಷ್ಟು ಡಿಗ್ರಿ ಏರುತ್ತದೋ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಡಿಸೆಂಬರಿನ ಬೆಂಗಳೂರಿನಲ್ಲಿ ಗಟ್ಟಿ ಎನಿಸಿಕೊಂಡ ಸೆಟ್ಟಿಂಗ್, ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಉಳಿದೀತೆಂದು ಯಾವ ರಾತ್ರಿಯ ಪರೀಕ್ಷೆಯೂ ಹೇಳಲಾರದು.

ದ್ರವ ಸಾರಜನಕ ಸುರಿದು ಮೈನಸ್ 196 ಡಿಗ್ರಿಯ ಆಸುಪಾಸಿನಲ್ಲಿ, ಅಥವಾ ಅದಕ್ಕೂ ತಣ್ಣಗಿನ ದ್ರವ ಹೀಲಿಯಂನಲ್ಲಿ ದಾಖಲೆ ಮಾಡುವವರ ಆಟವೇ ಬೇರೆ. 2022ರಲ್ಲಿ ಅವರು 9 ಗಿಗಾಹರ್ಟ್ಸ್ ದಾಟಿದರು. ಅಲ್ಲಿ ಚಿಪ್ ಮಾಡಬೇಕಾದ್ದು ತನ್ನ ವೇಗವನ್ನು ದಾಖಲಿಸುವಷ್ಟು ಹೊತ್ತು ಉಸಿರಾಡುವುದು ಮಾತ್ರ. ಚಂದದ ಆಟ, ಮನೆಯ ಕಂಪ್ಯೂಟರಿಗೆ ಅದರಿಂದ ಕಲಿಯುವುದು ಹೆಚ್ಚಿಲ್ಲ.

ಸದ್ದಿಲ್ಲದ ತಪ್ಪು ಹೇಗಿರುತ್ತದೆಂದು ತೋರಿಸುವ ಅತ್ಯುತ್ತಮ ಉದಾಹರಣೆ ಓವರ್‌ಕ್ಲಾಕ್ ಆಗದ ಚಿಪ್ ಒಂದರದು. 2021ರಲ್ಲಿ ಫೇಸ್‌ಬುಕ್‌ನ ಎಂಜಿನಿಯರುಗಳು ಪ್ರಕಟಿಸಿದ ಪ್ರಬಂಧದಲ್ಲಿದೆ. ಅವರ ದತ್ತಾಂಶ ಕೇಂದ್ರದಲ್ಲಿ ಕಂಪ್ರೆಸ್ ಆದ ಫೈಲುಗಳನ್ನು ಬಿಚ್ಚುವ ಕೆಲಸ ನಡೆಯುವಾಗ ಕೆಲವು ಫೈಲುಗಳು ಕಾಣೆಯಾಗುತ್ತಿದ್ದವು. ದೋಷದ ಸೂಚನೆ ಎಲ್ಲೂ ಇಲ್ಲ. ಬೆನ್ನುಹತ್ತಿ ಹೋದರೆ ಸಾವಿರಾರು ಯಂತ್ರಗಳಲ್ಲಿ ಒಂದು, ಆ ಯಂತ್ರದ ಹತ್ತಾರು ಕೋರ್‌ಗಳಲ್ಲಿ (ಪ್ರೊಸೆಸರಿನೊಳಗೆ ಬಿಡಿಯಾಗಿ ಲೆಕ್ಕ ಮಾಡುವ ಘಟಕಗಳಲ್ಲಿ) ಒಂದು ಕೋರ್, ಆ ಕೋರ್ ಮಾಡುವ ಒಂದು ಬಗೆಯ ಲೆಕ್ಕ. 1.1ರ 53ನೆಯ ಘಾತವನ್ನು ಪೂರ್ಣಾಂಕವಾಗಿ ಕೇಳಿದರೆ ಬರಬೇಕಾದ್ದು 156. ಆ ಕೋರ್ 0 ಎನ್ನುತ್ತಿತ್ತು. 52ನೆಯ ಘಾತ ಕೇಳಿದರೆ 142, ಸರಿಯಾದ ಉತ್ತರವೇ! ಫೈಲಿನ ಗಾತ್ರ ಲೆಕ್ಕಹಾಕುವಲ್ಲಿ ಸೊನ್ನೆ ಬಂದಾಗ, ಸೊನ್ನೆ ಗಾತ್ರದ ಫೈಲನ್ನು ಯಾಕೆ ಬರೆಯಬೇಕೆಂದು ಪ್ರೋಗ್ರಾಮ್ ಅದನ್ನು ಬಿಟ್ಟುಬಿಡುತ್ತಿತ್ತು. ಅದೇ ವರ್ಷ ಗೂಗಲ್‌ನವರೂ ತಮ್ಮ ಯಂತ್ರಗಳಲ್ಲಿ ಇಂಥ ಕೋರ್‌ಗಳಿವೆ ಎಂದು ಬರೆದರು. ಕಾರ್ಖಾನೆಯ ಎಲ್ಲ ಪರೀಕ್ಷೆ ದಾಟಿ ಬಂದ, ಅಂತರ ಉಳಿಸಿಕೊಂಡೇ ಓಡುವ ಚಿಪ್‌ಗಳ ಕಥೆ ಇದು. ಅಂತರವನ್ನೇ ತಿಂದುಕೊಂಡ ಮನೆಯ ಚಿಪ್‌ನಲ್ಲಿ 53ನೆಯ ಘಾತ ತಪ್ಪಿದರೆ ಬೆನ್ನುಹತ್ತುವವರು ಯಾರು?

ವೋಲ್ಟೇಜು, ವೇಗಗಳ ಹೊಂದಾಣಿಕೆ ತಪ್ಪಿದಾಗ ಚಿಪ್ ತಪ್ಪು ಬರೆಯುತ್ತದೆ ಎಂಬುದನ್ನು ಕನ್ನ ಹಾಕಲು ಬಳಸಿ ತೋರಿಸಿದವರೂ ಇದ್ದಾರೆ. 2019ರಲ್ಲಿ ಪ್ರಕಟವಾದ ಪ್ಲಂಡರ್‌ವೋಲ್ಟ್ ಸಂಶೋಧನೆಯಲ್ಲಿ, ಇಂಟೆಲ್ ಚಿಪ್‌ಗಳ ವೋಲ್ಟೇಜನ್ನು ಸಾಫ್ಟ್‌ವೇರಿನಿಂದಲೇ ತಗ್ಗಿಸಿ, ಚಿಪ್‌ನೊಳಗಿನ ಬೀಗ ಹಾಕಿದ ವಲಯದಲ್ಲಿ ನಡೆಯುವ ಗುಣಾಕಾರವನ್ನು ಬೇಕೆಂದೇ ಕೆಡಿಸಿದರು. ತಪ್ಪಿದ ಉತ್ತರಗಳಿಂದ ಗುಪ್ತಲಿಪಿಯ ಕೀಲಿಯನ್ನು ಹೊರತೆಗೆದರು. ಆ ಸೌಲಭ್ಯಕ್ಕೆ ಬೀಗ ಹಾಕುವ ದಾರಿಯನ್ನು ಇಂಟೆಲ್ ಆಮೇಲೆ ಕೊಟ್ಟಿತು.

ಓವರ್‌ಕ್ಲಾಕ್ ಆದ ಕಂಪ್ಯೂಟರುಗಳು ನಿಜಕ್ಕೂ ಎಷ್ಟು ಹೆಚ್ಚು ಕುಸಿಯುತ್ತವೆ? ಇದಕ್ಕೆ ಅಂದಾಜಿನ ಮಾತಲ್ಲದ ಲೆಕ್ಕ ಕೊಟ್ಟದ್ದು 2011ರ ಒಂದು ಅಧ್ಯಯನ. ಮೈಕ್ರೋಸಾಫ್ಟ್‌ನ ಎಡ್ಮಂಡ್ ನೈಟಿಂಗೇಲ್, ಜಾನ್ ಡೌಸರ್, ವಿನ್ಸ್ ಒರ್ಗೊವನ್ ಮೂವರೂ ಸೇರಿ ಸುಮಾರು ಹತ್ತು ಲಕ್ಷ ಮನೆಬಳಕೆಯ ಕಂಪ್ಯೂಟರುಗಳ ಕುಸಿತದ ವರದಿಗಳನ್ನು ಜಾಲಾಡಿದರು. ಪ್ರೊಸೆಸರಿನ ದೋಷದಿಂದಲೇ ಆದ ಕುಸಿತಗಳನ್ನು ಮಾತ್ರ ಎಣಿಸಿದಾಗ, ಒಂದು ಕಂಪನಿಯ ಚಿಪ್‌ಗಳಲ್ಲಿ ಸಾಮಾನ್ಯ ವೇಗದವು 400ರಲ್ಲಿ ಒಂದು ಕುಸಿದಿದ್ದರೆ, ಓವರ್‌ಕ್ಲಾಕ್ ಆದವು 21ರಲ್ಲಿ ಒಂದು ಕುಸಿದಿದ್ದವು. ಇನ್ನೊಂದು ಕಂಪನಿಯಲ್ಲಿ 390ಕ್ಕೆ ಒಂದು ಇದ್ದದ್ದು 86ಕ್ಕೆ ಒಂದು ಆಗಿತ್ತು. ಯಾವ ಕಂಪನಿ ಯಾವುದೆಂದು ಅವರು ಹೆಸರಿಸಲಿಲ್ಲ. ನನಗೆ ಹೆಚ್ಚು ಇಷ್ಟವಾದದ್ದು ಅದೇ ಪ್ರಬಂಧದ ಮತ್ತೊಂದು ಸಾಲು: ಗೊತ್ತುಮಾಡಿದ ವೇಗಕ್ಕಿಂತ ನಿಧಾನವಾಗಿ ಓಡುತ್ತಿದ್ದ ಕಂಪ್ಯೂಟರುಗಳು ಮಾಮೂಲಿನವಕ್ಕಿಂತಲೂ ಕಡಿಮೆ ಕುಸಿದಿದ್ದವು. ಈ ಲೆಕ್ಕದಲ್ಲಿ ದೋಷವೆಂದು ಎಣಿಸಿದ್ದು ಕುಸಿತಗಳನ್ನು ಮಾತ್ರ. ಕುಸಿಯದೆ ತಪ್ಪು ಬರೆದವು ಯಾವ ಎಣಿಕೆಗೂ ಸಿಗುವುದಿಲ್ಲ.

ಇಂದು ಗಟ್ಟಿಯಾಗಿರುವ ಓವರ್‌ಕ್ಲಾಕ್ ಮುಂದಿನ ವರ್ಷವೂ ಗಟ್ಟಿಯಾಗಿರಬೇಕೆಂದಿಲ್ಲ. ಚಿಪ್‌ಗೂ ವಯಸ್ಸಾಗುತ್ತದೆ. ತಂತಿಯಲ್ಲಿ ಹರಿಯುವ ಎಲೆಕ್ಟ್ರಾನುಗಳು ಲೋಹದ ಪರಮಾಣುಗಳನ್ನು ಸ್ವಲ್ಪ ಸ್ವಲ್ಪವೇ ತಳ್ಳುತ್ತ ಹೋಗುತ್ತವೆ. ಒಂದು ಕಡೆ ತಂತಿ ತೆಳುವಾಗುತ್ತದೆ, ಇನ್ನೊಂದು ಕಡೆ ಲೋಹ ಗುಡ್ಡೆಯಾಗುತ್ತದೆ. ಮೊಟೊರೊಲಾ ಕಂಪನಿಯ ಜೇಮ್ಸ್ ಬ್ಲ್ಯಾಕ್ 1960ರ ದಶಕದ ಕೊನೆಯಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಅದರ ಪ್ರಕಾರ ಕರೆಂಟಿನ ಸಾಂದ್ರತೆ ಇಮ್ಮಡಿಯಾದರೆ ತಂತಿಯ ಆಯುಸ್ಸು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಉಷ್ಣತೆ ಏರಿದರೆ ಇನ್ನೂ ಕಡಿದಾಗಿ ಬೀಳುತ್ತದೆ. ಟ್ರಾನ್ಸಿಸ್ಟರುಗಳಿಗೂ ಬೇರೆ ಬಗೆಯ ಮುಪ್ಪಿದೆ. ಬಿಸಿ ಮತ್ತು ಹೆಚ್ಚಿನ ವೋಲ್ಟೇಜಿನಲ್ಲಿ ವರ್ಷಗಟ್ಟಲೆ ದುಡಿದ ಟ್ರಾನ್ಸಿಸ್ಟರ್ ತೆರೆದುಕೊಳ್ಳಲು ಮೊದಲಿಗಿಂತ ಹೆಚ್ಚು ವೋಲ್ಟೇಜ್ ಕೇಳುತ್ತದೆ, ಅಂದರೆ ನಿಧಾನವಾಗುತ್ತದೆ. ಕಂಪನಿ ಬಿಟ್ಟ ಅಂತರದ ಒಂದು ಪಾಲು ಇದಕ್ಕೇ ಮೀಸಲು. ಅದನ್ನು ಮೊದಲ ದಿನವೇ ಖರ್ಚು ಮಾಡಿದವರು, ವರ್ಷದ ನಂತರ ತಡವರಿಕೆ ಶುರುವಾದಾಗ ವೋಲ್ಟೇಜನ್ನು ಇನ್ನೊಂದು ಮೆಟ್ಟಿಲು ಏರಿಸುತ್ತಾರೆ. ಮುಪ್ಪು ಇನ್ನೂ ಬೇಗ ಬರುತ್ತದೆ.

ಕಂಪನಿಗಳಾದರೂ ಈ ಅಂತರವನ್ನು ಸದಾ ಕಾಪಾಡಿವೆಯೇ? 2000ದ ಮಾರ್ಚಿನಲ್ಲಿ 1 ಗಿಗಾಹರ್ಟ್ಸ್ ಗೆರೆ ದಾಟುವ ಪೈಪೋಟಿಯಲ್ಲಿ ಎಎಂಡಿ ಎರಡು ದಿನಗಳ ಅಂತರದಲ್ಲಿ ಇಂಟೆಲನ್ನು ಹಿಂದೆ ಹಾಕಿತು. ಜುಲೈ ಕೊನೆಯ ದಿನ ಇಂಟೆಲ್ 1.13 ಗಿಗಾಹರ್ಟ್ಸ್‌ನ ಪೆಂಟಿಯಂ 3 ಘೋಷಿಸಿತು. ಯಂತ್ರಾಂಶ ವಿಮರ್ಶಕ ಟಾಮ್ ಪಾಬ್ಸ್ಟ್ ತಮ್ಮ ಕೈಗೆ ಬಂದ ಚಿಪ್ ಲಿನಕ್ಸ್ ಕರ್ನಲ್ ಕಂಪೈಲ್ ಮಾಡುವಾಗ ಮುಗ್ಗರಿಸುತ್ತದೆ ಎಂದು ಬರೆದರು. ಕೈಲ್ ಬೆನೆಟ್ ಎಂಬ ಇನ್ನೊಬ್ಬ ವಿಮರ್ಶಕರ ಚಿಪ್ಪೂ ಹಾಗೇ ಮಾಡಿತು. ಆಗಸ್ಟ್ ಮುಗಿಯುವ ಮೊದಲೇ ಇಂಟೆಲ್ ಆ ಚಿಪ್ಪನ್ನು ಹಿಂದಕ್ಕೆ ಕರೆಸಿಕೊಂಡಿತು. ಕಾರ್ಖಾನೆಯಿಂದಲೇ ಓವರ್‌ಕ್ಲಾಕ್ ಆಗಿ ಬಂದಿತ್ತು ಎನ್ನಲು ಅಡ್ಡಿಯಿಲ್ಲ.

ಅದಕ್ಕಿಂತ ದೊಡ್ಡ ಪ್ರಕರಣ ತೀರಾ ಇತ್ತೀಚಿನದು. 2022 ಮತ್ತು 2023ರಲ್ಲಿ ಬಂದ ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಚಿಪ್‌ಗಳಲ್ಲಿ ಮೇಲ್ದರ್ಜೆಯವು ಸ್ವಲ್ಪ ಹೊತ್ತಿನ ಮಟ್ಟಿಗೆ 6 ಗಿಗಾಹರ್ಟ್ಸ್ ತಲುಪುತ್ತಿದ್ದವು. ಕೆಲವು ತಿಂಗಳ ಬಳಕೆಯ ನಂತರ ಆಟಗಾರರಿಂದ ವಿಚಿತ್ರ ದೂರು ಬರತೊಡಗಿತು. ಆಟ ಶುರುವಾಗುತ್ತಿದ್ದಂತೆ ‘ವಿಡಿಯೊ ಮೆಮೊರಿ ಸಾಲದು’ ಎಂಬ ಸಂದೇಶ. ಗ್ರಾಫಿಕ್ಸ್ ಕಾರ್ಡಿನಲ್ಲಿ ಮೆಮೊರಿ ಬೇಕಾದಷ್ಟಿತ್ತು. ಆಟದ ಕಂಪ್ರೆಸ್ ಆದ ದತ್ತಾಂಶವನ್ನು ಬಿಚ್ಚುವಾಗ ಪ್ರೊಸೆಸರ್ ತಪ್ಪು ಮಾಡುತ್ತಿತ್ತು, ಆ ತಪ್ಪು ಮೆಮೊರಿ ಇಲ್ಲವೆಂಬ ವೇಷದಲ್ಲಿ ಹೊರಬರುತ್ತಿತ್ತು. ಬಿಚ್ಚುವ ಪ್ರೋಗ್ರಾಮ್ ತನ್ನ ಕೆಲಸವನ್ನು ತಾನೇ ತಾಳೆ ನೋಡುವುದರಿಂದ ಅಲ್ಲಿ ಸಿಕ್ಕಿಬಿತ್ತು. ಮೊದಮೊದಲು ಬೆರಳು ಹೋದದ್ದು ಮದರ್‌ಬೋರ್ಡುಗಳ ಕಡೆ. ವಿಮರ್ಶೆಗಳಲ್ಲಿ ಮುಂದಿರಲೆಂದು ವಿದ್ಯುತ್ತಿನ ಮಿತಿಯನ್ನೇ ತೆಗೆದಿಟ್ಟ ಸೆಟ್ಟಿಂಗ್ ಹಲವು ಬೋರ್ಡುಗಳಲ್ಲಿ ಮಾಮೂಲಿಯಾಗಿತ್ತು ಎಂಬುದೂ ನಿಜ.

2024ರ ಜುಲೈನಲ್ಲಿ ಇಂಟೆಲ್ ತಪ್ಪು ಚಿಪ್‌ನೊಳಗಿನ ತನ್ನ ಪ್ರೋಗ್ರಾಮ್ ಆದ ಮೈಕ್ರೋಕೋಡಿನಲ್ಲೂ ಇದೆ ಎಂದಿತು. ಚಿಪ್ ತನಗೆ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು. ಆಗಸ್ಟಿನಲ್ಲಿ ಬಂದ ತಿದ್ದುಪಡಿ ಈ ಬೇಡಿಕೆಗೆ 1.55 ವೋಲ್ಟಿನ ಮಿತಿ ಹಾಕಿತು. ಸೆಪ್ಟೆಂಬರಿನಲ್ಲಿ ಮೂಲ ಕಾರಣವನ್ನೂ ಹೇಳಿತು: ಹೆಚ್ಚಿನ ವೋಲ್ಟೇಜ್ ಮತ್ತು ಬಿಸಿಯಲ್ಲಿ ಬೇಗ ಮುಪ್ಪಾಗುತ್ತಿದ್ದದ್ದು ಕೋರ್ ಒಳಗೆ ಕ್ಲಾಕ್ ಬಡಿತವನ್ನು ಹಂಚುವ ಸರ್ಕಿಟ್. ಬಡಿತದ ಏರು ಮತ್ತು ಇಳಿವಿನ ಅಳತೆ ವಾಲಿಹೋಗಿ, ಲೆಕ್ಕಕ್ಕೆ ಸಿಗುತ್ತಿದ್ದ ಹೊತ್ತೇ ಕಡಿಮೆಯಾಗಿತ್ತು. ತಿದ್ದುಪಡಿ ಮುಂದಿನ ಸವಕಳಿಯನ್ನು ತಡೆಯಬಲ್ಲದು, ಸವೆದ ಚಿಪ್ಪನ್ನು ಸರಿಮಾಡಲಾರದು. ವಾರಂಟಿಯನ್ನು ಇಂಟೆಲ್ ಎರಡು ವರ್ಷ ವಿಸ್ತರಿಸಿತು. ಚಿಪ್ಪನ್ನು ಅದರ ಮಾಮೂಲಿ ಸೆಟ್ಟಿಂಗಿನಲ್ಲೇ ಬಳಸಿ, ಬಯಾಸ್ ಕಡೆ ಕಣ್ಣೂ ಹಾಯಿಸದಿದ್ದ ಗ್ರಾಹಕರೂ ಇದರಲ್ಲಿ ಸಿಕ್ಕಿಕೊಂಡಿದ್ದರು.

ಓವರ್‌ಕ್ಲಾಕ್ ಮಾಡಿಲ್ಲ ಎಂದುಕೊಂಡವರು ಮಾಡಿರುವ ಇನ್ನೊಂದು ಜಾಗ ರ‍್ಯಾಮ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಂಡು ಕಂಪ್ಯೂಟರ್ ಅಸೆಂಬಲ್ ಮಾಡಿಸಿದವರಿಗೆ ಗೊತ್ತಿರುತ್ತದೆ, ಪೊಟ್ಟಣದ ಮೇಲೆ 3600 ಎಂದು ಬರೆದ ಡಿಡಿಆರ್4 ರ‍್ಯಾಮ್ ಹಾಕಿದ ಕೂಡಲೇ 3600ರಲ್ಲಿ ಓಡುವುದಿಲ್ಲ. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಆನ್ ಮಾಡಬೇಕು. ಇಂಟೆಲ್ ಲೆಕ್ಕದಲ್ಲಿ ಅದೂ ಓವರ್‌ಕ್ಲಾಕಿಂಗೇ. ರ‍್ಯಾಮ್ ತಯಾರಕರು ಆ ವೇಗಕ್ಕೆ ರ‍್ಯಾಮನ್ನು ಪರೀಕ್ಷಿಸಿರುತ್ತಾರೆ, ನಿಮ್ಮ ಪ್ರೊಸೆಸರಿನೊಳಗಿನ ಮೆಮೊರಿ ನಿಯಂತ್ರಕವನ್ನಲ್ಲ. ಪೆನ್‌ಡ್ರೈವಿಗೆ ಕಾಪಿ ಮಾಡುವ ಪ್ರತಿ ಫೋಟೊ, ಉಳಿಸುವ ಪ್ರತಿ ದಾಖಲೆ ರ‍್ಯಾಮ್ ಮೂಲಕವೇ ಹಾದುಹೋಗುತ್ತದೆ. ಸರ್ವರುಗಳಲ್ಲಿ ತಪ್ಪಿದ ಬಿಟ್ಟನ್ನು ತಾನೇ ತಿದ್ದುವ ಇಸಿಸಿ ಮೆಮೊರಿ ಇರುತ್ತದೆ, ಮನೆಯ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ದೊಡ್ಡ ಜಿಪ್ ಫೈಲ್ ಬಿಚ್ಚುವಾಗ ಆಗಾಗ ‘ಸಿಆರ್‌ಸಿ ಎರರ್’ ಬಂದು, ಇನ್ನೊಮ್ಮೆ ಪ್ರಯತ್ನಿಸಿದರೆ ಅದೇ ಫೈಲ್ ಸರಾಗ ಬಿಚ್ಚಿಕೊಂಡರೆ, ಡೌನ್‌ಲೋಡನ್ನು ಬಯ್ಯುವ ಮೊದಲು ಎಕ್ಸ್‌ಎಂಪಿ ಆರಿಸಿ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ ನೋಡುವುದು ಒಳ್ಳೆಯದು.

ಪ್ರೊಸೆಸರಿಗೂ ಮಾಡಬೇಕಾದ್ದು ಇದೇ. ವಿವರಣೆ ಸಿಗದ ಕುಸಿತ ಶುರುವಾದರೆ ಬಯಾಸ್ ಸೆಟ್ಟಿಂಗುಗಳನ್ನೆಲ್ಲ ಡಿಫಾಲ್ಟಿಗೆ ತಂದು, ಬಯಾಸ್ ಅಪ್‌ಡೇಟ್ ಮಾಡಿ ಕೆಲವು ದಿನ ನೋಡಬೇಕು. ಅಷ್ಟಕ್ಕೂ ನಿಲ್ಲದಿದ್ದರೆ ವೇಗ ಇಳಿಸಿ ನೋಡಬೇಕು. ‘ವಿಡಿಯೊ ಮೆಮೊರಿ ಸಾಲದು’ ಎಂದು ಗೋಳಾಡುತ್ತಿದ್ದ 13, 14ನೆಯ ತಲೆಮಾರಿನ ಚಿಪ್‌ಗಳ ಮಾಲೀಕರಿಗೆ, ಬಿಚ್ಚುವ ಪ್ರೋಗ್ರಾಮ್ ತಯಾರಿಸಿದವರೇ ಕೊಟ್ಟ ತಾತ್ಕಾಲಿಕ ಮದ್ದು ಕೂಡ ಅದೇ ಆಗಿತ್ತು: ಕೋರ್‌ಗಳ ಗುಣಕವನ್ನು 55ರಿಂದ 53ಕ್ಕೆ ಇಳಿಸಿ. 5500 ಮೆಗಾಹರ್ಟ್ಸ್‌ನಲ್ಲಿ 200 ಕಡಿಮೆ, ಶೇ. 4ರಷ್ಟೂ ಇಲ್ಲ. ಆಟ ಆಡುವಾಗ ಆ ವ್ಯತ್ಯಾಸ ಕಣ್ಣಿಗೆ ತಿಳಿಯುವಂಥದ್ದಲ್ಲ. ಹಾಗೆ ಇಳಿಸಿದ ಮೇಲೆ ಆಟ ನಡೆಯತೊಡಗಿದರೆ ಸುಮ್ಮನಾಗುವಂತಿಲ್ಲ. ಅಂಥ ಚಿಪ್ ಆಗಲೇ ಸವೆದಿದೆ. ವಾರಂಟಿ ಮುಗಿಯುವ ಮೊದಲು ಅದನ್ನು ಕಳಚಿ ಕಂಪನಿಗೆ ಕಳಿಸಿ ಬದಲಿ ಪಡೆಯುವುದೇ ಸರಿ.